ತೆರೆದಿಟ್ಟಿದ್ದ ನಾಲ್ಕನೆಯ ಫೈಲು

ನ್ಯಾಮತಿ, ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾಗಿ ಕೆಲವೇ ವರ್ಷಗಳಾಗಿದ್ದವು. ನಾನು ಆಗ ಜಿಲ್ಲಾ ಮಟ್ಟದ ಒಂದು ಕಚೇರಿಯಲ್ಲಿ ಅಂಕಿಅಂಶ ಸಹಾಯಕ. ನಿವೃತ್ತಿಗೆ ಮೂರು ವರ್ಷ ಬಾಕಿ. ಕಣ್ಣಿನ ಪೊರೆ ತಪಾಸಣಾ ಶಿಬಿರಗಳ ಪಟ್ಟಿ ಒಟ್ಟುಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಎಕ್ಸೆಲ್ ಫೈಲುಗಳು ಮೇಲ್‌ನಲ್ಲಿ ಬರುತ್ತಿದ್ದವು. ಅವನ್ನೆಲ್ಲ ಒಂದೇ ಪಟ್ಟಿ ಮಾಡಿ ಕಣ್ಣಾಸ್ಪತ್ರೆಗೆ ಕಳಿಸಬೇಕು. ಆಸ್ಪತ್ರೆಯವರು ಬಸ್ಸು ಕಳಿಸಿ, ರೋಗಿಗಳನ್ನು ಕರೆದೊಯ್ದು, ಶಸ್ತ್ರಚಿಕಿತ್ಸೆ ಮಾಡಿಸಿ ವಾಪಸ್ ಬಿಡುತ್ತಿದ್ದರು. ಪಟ್ಟಿಯಲ್ಲಿ ಹೆಸರು ತಪ್ಪಿದರೆ ಮುಂದಿನ ಸರದಿಗೆ ಆರು ತಿಂಗಳು ಕಾಯಬೇಕು.

ಮೊದಲೆಲ್ಲ ಒಂದೊಂದು ಫೈಲನ್ನೂ ಕೈಯಿಂದಲೇ ಕಾಪಿ ಮಾಡಿ ಅಂಟಿಸುತ್ತಿದ್ದೆ. ಅರ್ಧ ದಿನ ಹೋಗುತ್ತಿತ್ತು, ಸೊಂಟವೂ ಹೋಗುತ್ತಿತ್ತು. ಆಮೇಲೆ ಒಂದು ಮ್ಯಾಕ್ರೋ ಬರೆದೆ. ಎಕ್ಸೆಲ್ ತಾನಾಗಿಯೇ ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಬರೆದಿಡುವುದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ನಾನು ಫೈಲುಗಳನ್ನೆಲ್ಲ ತೆರೆದಿಟ್ಟರೆ ಸಾಕು, ಅದು ತೆರೆದ ಫೈಲುಗಳ ಹೆಸರನ್ನು ಒಂದೊಂದಾಗಿ ನೋಡುತ್ತಿತ್ತು. ಹೆಸರು ‘ಚನ್ನಗಿರಿ’ ಎಂದು ಶುರುವಾದರೆ ಚನ್ನಗಿರಿಯ ಪಟ್ಟಿ, ‘ಜಗಳೂರು’ ಎಂದು ಶುರುವಾದರೆ ಜಗಳೂರಿನದು. ಆಯಾ ತಾಲ್ಲೂಕಿನ ಹೆಸರಿನ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿದ್ದೆ. ಮುಂದೆ ಏನೇ ಇದ್ದರೂ ನಡೆಯುತ್ತದೆ ಎಂದು ಅದರ ಅರ್ಥ. ಒಂದು ಫೈಲು ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಿ ಮುಂದಿನ ತಾಲ್ಲೂಕಿಗೆ ಹೋಗು ಎಂದೂ ಬರೆದಿದ್ದೆ. ಕೆಲವು ಸಲ ಯಾವುದಾದರೂ ತಾಲ್ಲೂಕಿನಲ್ಲಿ ಶಿಬಿರವೇ ನಡೆಯುತ್ತಿರಲಿಲ್ಲ. ಹಾಗಾಗಿ ಫೈಲು ಸಿಗದಿದ್ದರೆ ತಕರಾರು ಮಾಡದೆ ಸೊನ್ನೆ ಹಾಕು ಎಂದಿದ್ದೆ. ಅರ್ಧ ದಿನದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ಪಕ್ಕದ ಸೆಕ್ಷನ್ನಿನವರನ್ನು ಕರೆದು ಕರೆದು ತೋರಿಸಿದೆ. ಬೇಸತ್ತ ಒಬ್ಬರು, “ನೋಡಿದೀವಿ ಕಣ್ರಿ, ಮೂರನೇ ಸಲ” ಎಂದರು.

ಆ ಸುತ್ತಿನಲ್ಲಿಯೂ ಬಂದ ಫೈಲುಗಳನ್ನು ಎಣಿಸದೆ ಒಟ್ಟಿಗೆ ಆರಿಸಿ ತೆರೆದೆ, ಮ್ಯಾಕ್ರೋ ಓಡಿಸಿದೆ. ಚನ್ನಗಿರಿ ತಾಲ್ಲೂಕಿನಲ್ಲಿ ಕೆರೆಬಿಳಚಿಯ ಜನವೇ ಹೆಚ್ಚು, ಜಗಳೂರು ಎಂದಿನಂತೆ, ಹೊನ್ನಾಳಿಯೂ ಸರಿ. ನ್ಯಾಮತಿಯ ಮುಂದೆ ಸೊನ್ನೆ ಇತ್ತು. ಈ ಸಲ ಅಲ್ಲಿ ಶಿಬಿರ ಆಗಿಲ್ಲ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಪಟ್ಟಿ ಆಸ್ಪತ್ರೆಗೆ ಹೋಯಿತು.

ಮೂರು ದಿನ ಬಿಟ್ಟು, ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಶಾಂತಮ್ಮ, ನ್ಯಾಮತಿಯ ನೇತ್ರ ಸಹಾಯಕಿ. ಇಪ್ಪತ್ತು ವರ್ಷ ಹೊನ್ನಾಳಿಯಲ್ಲಿದ್ದು, ಆ ತಿಂಗಳಷ್ಟೇ ನ್ಯಾಮತಿಗೆ ವರ್ಗವಾಗಿ ಬಂದಿದ್ದವರು.

“ಸಾರ್, ಸವಳಂಗದಾಗೆ ಬಸ್ ನಿಂತೈತೆ. ನಮ್ಮ ಒಂಬತ್ತು ಜನದ ಹೆಸರೇ ಇಲ್ಲ ಅಂತಾರೆ.”

“ನಿಮ್ಮ ತಾಲ್ಲೂಕಿಂದ ಫೈಲೇ ಬಂದಿಲ್ಲಮ್ಮ. ಬಾರದ ಫೈಲಿಗೆ ನಾನೇನು ಮಾಡಲಿ?” ನನ್ನ ದನಿ ಗಡುಸಾಗಿಯೇ ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

“ಕಳ್ಸೀನಿ ಸಾರ್. ಮುಟ್ಟೈತೆ ಅಂತ ವಾಟ್ಸಾಪ್‌ನಾಗೆ ನೀವೇ ಹೆಬ್ಬೆಟ್ಟು ತೋರ್ಸೀರಿ.”

ನಾನು ಉತ್ತರ ಕೊಡುವಷ್ಟರಲ್ಲಿ ಫೋನು ಬೇರೆಯವರ ಕೈಗೆ ಹೋಯಿತು. ಸವಳಂಗದ ಟೈಲರ್ ದಸ್ತಗೀರ್ ಸಾಬ್. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಲಿತು, ಸೂಜಿಗೆ ದಾರ ಪೋಣಿಸಲಾಗದೆ ಎರಡು ತಿಂಗಳಿಂದ ಮಷಿನ್ನಿಗೆ ಬಟ್ಟೆ ಹೊದಿಸಿ ಕೂತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅವರು ಜಗಳವಾಡಲಿಲ್ಲ.

“ಸಾರ್, ಮನೀಗೆ ಹೋಗ್ಲಾ, ಇಲ್ಲೇ ನಿಂದ್ರಲಾ? ಅಷ್ಟು ಹೇಳ್ರಿ, ಸಾಕು.”

ಆ ಮಾತಿಗೆ ನನ್ನ ಗಡುಸು ಇಳಿಯಿತು. “ನಿಂತಿರಿ” ಎಂದೆ.

ಮೇಲ್ ತೆರೆದು ನೋಡಿದರೆ ಫೈಲುಗಳು ನಾಲ್ಕೂ ಇದ್ದವು. ಒಂದರ ಹೆಸರು ‘ಹೊನ್ನಾಳಿ ಕ್ಯಾಂಪ್’. ಇನ್ನೊಂದು ‘ಹೊನ್ನಾಳಿ ತಾಲ್ಲೂಕು ನ್ಯಾಮತಿ ಕ್ಯಾಂಪ್’. ಶಾಂತಮ್ಮನ ಕೈ ಇಪ್ಪತ್ತು ವರ್ಷ ಬರೆದದ್ದನ್ನೇ ಬರೆದಿತ್ತು. ನನ್ನ ಮ್ಯಾಕ್ರೋ ಮೊದಲ ಹೊನ್ನಾಳಿ ಸಿಕ್ಕ ಕೂಡಲೇ ಹುಡುಕುವುದನ್ನು ಬಿಟ್ಟಿತ್ತು. ‘ನ್ಯಾಮತಿ’ ಎಂದು ಶುರುವಾಗುವ ಹೆಸರು ಯಾವುದೂ ಕಾಣದೆ ಸೊನ್ನೆ ಹಾಕಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

ಬಸ್ಸಿನ ಜೊತೆ ಬಂದಿದ್ದ ಆಸ್ಪತ್ರೆಯವರಿಗೆ ಫೋನ್ ಮಾಡಿದೆ. “ಸೀಟ್ ಇದಾವೆ ಸರ್. ಪಟ್ಟಿ ಇಲ್ಲದೆ ಹತ್ತಿಸಿಕೊಂಡರೆ ಡಾಕ್ಟರು ನನ್ನನ್ನು ಕೇಳ್ತಾರೆ. ಇಪ್ಪತ್ತು ನಿಮಿಷ ಕಾಯ್ತೀನಿ” ಎಂದರು. ತಿದ್ದಿದ ಪಟ್ಟಿಗೆ ನಮ್ಮ ಅಧಿಕಾರಿಯ ಸಹಿ ಬೇಕಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ತಪ್ಪು ತಾಲ್ಲೂಕಿನವರದಾ?” ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಶಾಂತಮ್ಮನಿಗೆ ಒಂದು ನೋಟಿಸು ಹೋಗುತ್ತಿತ್ತು. ನಾಲಿಗೆ ತುದಿಯವರೆಗೆ ಬಂದಿತ್ತು ಕೂಡ. “ಇಲ್ಲ ಸರ್, ನನ್ನದು” ಎಂದೆ. ಅವರು ನನ್ನನ್ನೊಮ್ಮೆ ನೋಡಿ ಸಹಿ ಹಾಕಿದರು. ಇಪ್ಪತ್ತು ನಿಮಿಷ ಮುಗಿಯಲು ಇನ್ನೂ ಮೂರು ನಿಮಿಷ ಇರುವಾಗ ಪಟ್ಟಿ ಸವಳಂಗ ತಲುಪಿತು. ಒಂಬತ್ತೂ ಜನ ಬಸ್ಸು ಹತ್ತಿದರು.

ಮಾರನೆಯ ದಿನವೇ ಮ್ಯಾಕ್ರೋ ತಿದ್ದಿದೆ. ಅಂದಿನಿಂದ ಅದು ತೆರೆದ ಫೈಲುಗಳಲ್ಲಿ ಯಾವುದನ್ನು ಓದಿದೆ, ಯಾವುದನ್ನು ಬಿಟ್ಟಿದೆ ಎಂದು ಹೆಸರು ಹೇಳಿ ನಿಲ್ಲುತ್ತಿತ್ತು. ಒಂದೇ ಹೆಸರಿಗೆ ಎರಡು ಫೈಲು ಸಿಕ್ಕರೆ ನನ್ನನ್ನು ಕೇಳುತ್ತಿತ್ತು. ಸೊನ್ನೆ ಬಂದರೆ ಆ ತಾಲ್ಲೂಕಿಗೆ ನಾನೇ ಫೋನ್ ಮಾಡುತ್ತಿದ್ದೆ. ಅದನ್ನು ಮಾಡಲು ಯಾವ ಮ್ಯಾಕ್ರೋವೂ ಇಲ್ಲ.

ಒಂದೂವರೆ ತಿಂಗಳ ಮೇಲೆ ಯಾವುದೋ ಕೆಲಸಕ್ಕೆ ಬಂದ ದಸ್ತಗೀರ್ ಸಾಬ್ ನನ್ನ ಟೇಬಲ್ ಹುಡುಕಿಕೊಂಡು ಬಂದರು. ಕೂತವರು, “ನನ್ನ ಹೆಸರು ಎಲ್ಲಿ ಕಳೆದಿತ್ತು ಸಾರ್? ತೋರಿಸ್ರಿ, ನೋಡಾನ” ಎಂದರು. ಕುಹಕವೇನೂ ಇರಲಿಲ್ಲ, ನಿಜವಾಗಿಯೂ ನೋಡುವ ಆಸೆ. ನಾನು ಆ ಫೈಲು ತೆರೆದು ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. ಬಲಗಣ್ಣನ್ನು ಹತ್ತಿರ ತಂದು, ಬೆರಳಿಟ್ಟು, ಒಂದೊಂದೇ ಸಾಲು ಇಳಿಯುತ್ತ ಬಂದು ಏಳನೆಯದರಲ್ಲಿ ನಿಲ್ಲಿಸಿದರು.

“ಕಳೆದೇ ಇಲ್ಲ ಬಿಡ್ರಿ. ಇಲ್ಲೇ ಐತಲ್ಲ.”

“ಇಲ್ಲೇ ಇತ್ತು ಸಾಬ್ರೇ. ನಾನು ನೋಡಿರಲಿಲ್ಲ” ಎಂದೆ. ಅಷ್ಟನ್ನು ಹೇಳುವುದು ಕಲಿಯಲು ನನಗೆ ಮೂವತ್ತು ವರ್ಷದ ಸರ್ವೀಸು ಬೇಕಾಯಿತು.