ಪರದೆಯ ಮೇಲಿನ ಆ ಮೋಡ

ಇದು ೧೯೮೮ರ ಮಾತು. ಶಿಗ್ಗಾಂವಿಯ ಬಸ್ ನಿಲ್ದಾಣದ ಹತ್ತಿರ, ಮಾಳಿಗೆಯ ಮೇಲಿನ ಕೋಣೆಯೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಇದ್ದ ಒಂದೇ ಯಂತ್ರದಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಕಪ್ಪು ಪರದೆಯ ಮೇಲೆ ಅದರ ಹೆಸರು ಟೈಪ್ ಮಾಡಿ, ಅದೇ ಸಾಲಿನಲ್ಲಿ ಮುಂದೆ ಮೋಡ ಬೇಕೋ ಬಿಸಿಲು ಬೇಕೋ, ವಿಮಾನ ಎಷ್ಟು ಎತ್ತರದಲ್ಲಿರಬೇಕು ಎಂದು ಬರೆದರೆ ಆಟ ಹಾಗೆಯೇ ತೆರೆದುಕೊಳ್ಳುತ್ತಿತ್ತು. ಆದೇಶ ಬರೆಯುವುದನ್ನು ಕಲಿಸಲು ನನಗೆ ಅದು ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಬಸವಣ್ಣೆಪ್ಪ ಬಂದರು. ಅವರ ಒಬ್ಬನೇ ಮಗ ವಾಯುಸೇನೆ ಸೇರಿ ವಿಮಾನ ಹಾರಿಸಲು ಕಲಿಯುತ್ತಿದ್ದ. ಆ ಮಳೆಗಾಲದಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದ. ನಮ್ಮಲ್ಲಿ ಕಲಿಯುತ್ತಿದ್ದ ಅವರ ಓಣಿಯ ಹುಡುಗಿ ಈ ಆಟದ ಸುದ್ದಿ ಹೇಳಿದ್ದಳಂತೆ.

“ಅಕ್ಕಾರ, ಪೆಟ್ಟಿಗಿ ತಗೀಗೊಡಲಿಲ್ಲ. ಮಗನ ಮಾರಿ ಸುದ್ದಾ ನೋಡಲಿಲ್ಲ ನಾವು. ಮೋಡದಾಗ ಸಿಕ್ಕು ಬಿತ್ತು ಅಂತ ಅಷ್ಟ ಹೇಳಿದ್ರು. ಅವ ಏನ ನೋಡಿದ್ನೋ ಅದನ್ನ ತೋರಸ್ರಿ.”

“ಕಾಕಾ, ಇದು ಬರೇ ಆಟ ಐತ್ರಿ. ನೋಡಬ್ಯಾಡ್ರಿ.”

“ಅದಕ್ಕಂತನ ಬಂದೇನಿ.”

ದಟ್ಟ ಮೋಡ, ಕಡಿಮೆ ಎತ್ತರ ಎಂದು ಟೈಪ್ ಮಾಡಿದೆ. ಪರದೆ ತುಂಬ ಬರೀ ಬಿಳುಪು. ಕೆಳಗೆ ಗಡಿಯಾರದಂಥ ಚಕ್ರಗಳು. ವಿಮಾನ ವಾಲಿತು. ಒಂದು ಮುಳ್ಳು ಹಿಂದಕ್ಕೆ ತಿರುಗತೊಡಗಿತು. ನಾನು ಯಾವ ಗುಂಡಿ ಒತ್ತಿದರೂ ಅದು ನಿಲ್ಲಲಿಲ್ಲ. ಒಮ್ಮೆಲೇ ನೆಲ ಕಂಡಿತು, ಪರದೆ ಸ್ತಬ್ಧವಾಯಿತು.

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನೆಲ ಕಾಣೂದು ಕಟ್ಟಕಡೀಕ. ಹಂಗಾರ ಅವಗ ಅಂಜಾಕ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ” ಎಂದರು. ಆಮೇಲೆ ಪರದೆಯತ್ತ ಬೆರಳು ಚಾಚಿ, “ಆ ಮುಳ್ಳು ತಿರಗಾಕತ್ತಿತ್ತಲ್ಲ, ಅದೇನ್ರಿ?” ಎಂದು ಕೇಳಿದರು.

ಬೇರೆ ಏನಾದರೂ ಹೇಳಬೇಕೆಂದುಕೊಂಡೆ, ಹೊಳೆಯಲಿಲ್ಲ. “ಎಷ್ಟು ಎತ್ತರದಾಗ ಅದೇವಿ ಅಂತ ತೋರಸತೈತ್ರಿ.”

“ಅದನ್ನ ಓದೂದು ಅವಗ ಕಲಿಸಿರ್ತಾರ?”

“ಹೂಂರಿ.”

ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. “ಹಂಗಾರ ಅವಗ ಎಲ್ಲಾ ಗೊತ್ತಾಗೇತಿ.” ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, “ನಮ್ಮಾಕೀಗೆ ಏನೂ ತಿಳೀದಂಗ ಹೋದ ಅಂತ ಹೇಳತೇನಿ. ನೀವೂ ಹಂಗ ಹೇಳ್ರಿ” ಎಂದರು.

ಮರುವರ್ಷ ಸವಣೂರಿನ ಒಂದು ಮದುವೆಯಲ್ಲಿ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡರು.

“ನಮ್ಮ ಹುಡುಗಗ ಏನೂ ತಿಳೀಲಿಲ್ಲಂತ ಮನಿಯವರು ಹೇಳ್ಯಾರ. ಖರೇನ್ರಿ ಅಕ್ಕಾರ?”

“ಖರೇ ರೀ ಅವ್ವಾರ.”

ಅವರು ನನ್ನ ಮುಖವನ್ನೇ ನೋಡಿದರು. “ಅವರೂ ನಿಮ್ಮಂಗ ನೆಲಾ ನೋಡಿ ಹೇಳತಾರ್ರಿ” ಎಂದು ಮೆಲ್ಲಗೆ ಕೈ ಬಿಟ್ಟರು. “ನಾ ಕೇಳಿದ್ದು ಅವರಿಗೆ ಹೇಳಬ್ಯಾಡ್ರಿ.”

ಮಗನಿಗೆ ಎಲ್ಲ ತಿಳಿದಿತ್ತೆಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ದಿನವೂ ಎದುರುಬದುರು ಕೂತು ಅವರು ಹೇಗೆ ಉಣ್ಣುತ್ತಿದ್ದರೋ.