ಜಿಡ್ಡಿಲ್ಲದ ಕೈಗಳು

ಇಪ್ಪತ್ತೇಳು ವರ್ಷ ಆಕೆ ತನ್ನ ಕೈಗೆ ಒಂದು ತೊಟ್ಟು ಎಣ್ಣೆ ಸೋಕಿಸಿಕೊಳ್ಳಲಿಲ್ಲ. ಚಳಿಗಾಲದಲ್ಲಿ ಬೆರಳ ಸಂದುಗಳು ಸೀಳಿ ರಕ್ತ ಒಸರಿದರೂ ಹತ್ತಿಬಟ್ಟೆ ಸುತ್ತಿಕೊಂಡಳೇ ಹೊರತು ಮುಲಾಮಿನ ಡಬ್ಬಿ ತೆರೆಯಲಿಲ್ಲ. ಪೌಡರ್ ಇಲ್ಲ, ಸೆಂಟಿನ ಮಾತಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಎಣ್ಣೆಯಲ್ಲಿ ಕರಿಯುವ, ಹುರಿಯುವ ಕೆಲಸವೆಲ್ಲ ಅತ್ತೆಯ ಪಾಲಿಗೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೊಣಕೈವರೆಗೂ ಗ್ರೀಸು. ಹಾಗಾಗಿ ಬಚ್ಚಲಮನೆಯಲ್ಲಿ ಎರಡು ಮೊಳೆ, ಎರಡು ಟವೆಲು, ಎರಡು ಸೋಪು. "ನಂದೂ ನಿಂದೂ ಜಾತಕ ಕೂಡಿದ್ರೂ ಟವೆಲ್ ಕೂಡ್ಲಿಲ್ಲ ನೋಡು" ಎಂದು ಆತ ವರ್ಷಕ್ಕೆ ನಾಲ್ಕು ಸಲವಾದರೂ ಹೇಳಿ ತಾನೇ ನಗುತ್ತಿದ್ದ.

ಆಕೆಯ ಕೆಲಸ ನೀರು ತಯಾರಿಸುವುದು. ನಗಬೇಡಿ, ನೀರನ್ನೂ ತಯಾರಿಸಬೇಕಾಗುತ್ತದೆ. ಅಣು ವಿಜ್ಞಾನದ ಸಂಶೋಧನಾಲಯದ ಮೊದಲ ಮಹಡಿಯಲ್ಲಿ, ಕಾರಿಡಾರಿನ ಕೊನೆಗೆ, ಉದ್ದದ ಕಲ್ಲಿನ ಸಿಂಕು ಇದ್ದ ಒಂದು ಕೋಣೆ ಆಕೆಯದು. ನಲ್ಲಿಯ ನೀರನ್ನು ಒಮ್ಮೆ ಕಾಯಿಸಿ ಆವಿ ಹಿಡಿಯುವುದು, ಅದಕ್ಕೆ ಉಳಿದ ಕೊಳೆಯನ್ನು ಸುಡುವ ನೇರಳೆ ಪುಡಿ ಹಾಕಿ ಮತ್ತೊಮ್ಮೆ, ಪೂರ್ತಿ ಗಾಜಿನದೇ ಆದ ಪಾತ್ರೆಯಲ್ಲಿ ಮೂರನೆಯ ಬಾರಿ. ಜೊತೆಗೆ ಆ ನೀರು ತುಂಬುವ ಶೀಶೆಗಳನ್ನು ತೊಳೆದು, ಕುಲುಮೆಯಲ್ಲಿ ಸುಟ್ಟು, ಮತ್ತೆ ತೊಳೆಯುವುದು. ತೊಳೆದ ಶೀಶೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಗಾಜು ಶುದ್ಧವಾಗಿದ್ದರೆ ನೀರು ತೆಳ್ಳಗೆ ಹಾಸಿಕೊಂಡು ಇಳಿಯುತ್ತದೆ, ಎಳ್ಳಷ್ಟು ಜಿಡ್ಡಿದ್ದರೂ ಮಣಿಮಣಿಯಾಗಿ ನಿಂತುಬಿಡುತ್ತದೆ. ಎಲ್ಲರೂ ಆಕೆಯನ್ನು ನೀರಮ್ಮ ಎನ್ನುತ್ತಿದ್ದರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು.

ಇಷ್ಟೆಲ್ಲ ಏಕೆಂದರೆ, ಅಲ್ಲಿನವರು ನೀರಿಗೆ ವಿಕಿರಣ ಹೊಡೆದರೆ ಏನಾಗುತ್ತದೆ ಎಂದು ನೋಡುವವರು. ವಿಕಿರಣ ತಾಗಿದೊಡನೆ ನೀರು ಒಡೆಯುತ್ತದೆ, ಹೊಸ ಹೊಸ ರಾಸಾಯನಿಕ ತುಣುಕುಗಳು ಹುಟ್ಟುತ್ತವೆ, ನಾವು ರೆಪ್ಪೆ ಮಿಟುಕಿಸುವುದರೊಳಗೆ ಸತ್ತೂ ಹೋಗಿರುತ್ತವೆ. ಅವು ಬಲು ಹಸಿವಿನವು. ನೀರಿನಲ್ಲಿ ಒಂದು ಕಣ ಕೊಳೆ ಇದ್ದರೂ ಮೊದಲು ಅದರ ಮೇಲೆ ಬೀಳುತ್ತವೆ, ಆಮೇಲೆ ಯಂತ್ರ ತೋರಿಸುವುದು ನೀರಿನ ಕಥೆಯನ್ನಲ್ಲ, ಕೊಳೆಯ ಕಥೆಯನ್ನು. ಇದನ್ನು ಆಕೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಬ್ಬ ಹಿರಿಯ ವಿಜ್ಞಾನಿ ಕೂರಿಸಿ ಹೇಳಿದ್ದರು. ಅವರು ಹೇಳಿದ್ದು ಒಂದು ಸಲ, ಆಕೆ ಪಾಲಿಸಿದ್ದು ಇಪ್ಪತ್ತೇಳು ವರ್ಷ.

ಪ್ರತಿ ಸೋಮವಾರ ಉಪ್ಪಿನ ಪರೀಕ್ಷೆ. ಆಕೆಯ ನೀರಿನಲ್ಲಿ ಕಬ್ಬಿಣದ ದ್ರಾವಣ ಮಾಡಿ ಎರಡು ಶೀಶೆಗೆ ತುಂಬಬೇಕು, ಕೊಳೆಯ ಆಟ ನಡೆಯದಂತೆ ಒಂದಕ್ಕೆ ಮಾತ್ರ ಚಿಟಿಕೆ ಉಪ್ಪು ಹಾಕಬೇಕು, ಎರಡನ್ನೂ ಒಂದೇ ಹೊತ್ತು ವಿಕಿರಣಕ್ಕೆ ಇಡಬೇಕು. ಮೀಟರಿನಲ್ಲಿ ಎರಡರ ಅಂಕಿ ಒಂದೇ ಬಂದರೆ ನೀರು ಶುದ್ಧ. ಉಪ್ಪಿಲ್ಲದ್ದು ಹೆಚ್ಚು ತೋರಿಸಿದರೆ ಎಲ್ಲೋ ಕೊಳೆ ಸೇರಿದೆ ಎಂದರ್ಥ. ಅಂಕಿಗಳನ್ನು ಆಕೆ ಗುಂಡಗಿನ ಅಕ್ಷರದಲ್ಲಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ 'ದೊಡ್ಡವರು', ಹಸಿರು ಮಸಿಯಲ್ಲಿ 'ನೋಡಿದೆ' ಎಂದು ರುಜು ಹಾಕುತ್ತಿದ್ದರು. ನೋಡಿದ್ದರೋ ಇಲ್ಲವೋ, ಅದನ್ನು ಮುಂದೆ ಹೇಳುತ್ತೇನೆ.

ಇದರ ಬೆಲೆ ತೆತ್ತವಳು ಮಗಳು. ಹುಟ್ಟಿದಾಗಿನಿಂದ ಮಗುವಿಗೆ ಎಣ್ಣೆ ತಿಕ್ಕಿದ್ದು, ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದದ್ದು ಎಲ್ಲವೂ ಅಜ್ಜಿಯೇ. ಅಮ್ಮ ಒಂದು ಮಾರು ದೂರದಲ್ಲಿ ಕೈಕಟ್ಟಿ ಕೂತು ಕಥೆ ಹೇಳುತ್ತಿದ್ದಳು. "ಅಮ್ಮಂಗೆ ನಾನಂದ್ರೆ ಅಸಹ್ಯ" ಎಂದು ಐದು ವರ್ಷದ ಮಗಳು ಪಕ್ಕದ ಮನೆಯವರ ಹತ್ತಿರ ಹೇಳಿದ್ದಳಂತೆ. ಅದನ್ನು ಕೇಳಿದ ದಿನ ಆಕೆ ಶೀಶೆ ತೊಳೆಯುತ್ತಾ ಅತ್ತಳು. ಕಣ್ಣೀರು ಬಿದ್ದ ಶೀಶೆಗಳನ್ನು ಬೇರೆ ಇಟ್ಟು ಮತ್ತೆ ಕುಲುಮೆಗೆ ಹಾಕಿದಳು. ಅಂಥ ಹೆಂಗಸು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ದೊಡ್ಡವರಿಗೆ ಅವಸರ ಹತ್ತಿತು. ವಿದೇಶದ ಸಮ್ಮೇಳನ ಹತ್ತಿರ ಬಂದಿತ್ತು, ನೀರು ಸಾಲುತ್ತಿರಲಿಲ್ಲ. ತಿಂಗಳ ಮೂರನೆಯ ತಾರೀಖು ಅವರು ಬಂದು ಮೂರನೆಯ ಪಾತ್ರೆಯಿಂದ ಆವಿ ಹಾಯುವ ಗಾಜಿನ ಕೊಂಡಿ ತೆಗೆಸಿ, ಅಗಲದ ಪ್ಲಾಸ್ಟಿಕ್ ಕೊಳವೆ ಹಾಕಿಸಿದರು.

"ಸಾರ್, ಬಿಸಿ ಆವಿ ಪ್ಲಾಸ್ಟಿಕ್ ಮೇಲೆ ಹೋದ್ರೆ ಅದರದ್ದು ಏನಾದ್ರೂ ಬಿಡುತ್ತೆ" ಎಂದಳು ಆಕೆ.

"ನೀವು ನೀರು ಕಾಯ್ಸಿ ಅಮ್ಮ. ಕೆಮಿಸ್ಟ್ರಿ ನಾವು ನೋಡ್ಕೋತೀವಿ" ಎಂದರು ಅವರು. ಸುತ್ತ ನಿಂತಿದ್ದವರು ನಕ್ಕರು.

ಆಕೆ ರಿಜಿಸ್ಟರಿನಲ್ಲಿ ಬರೆದಳು: 'ಇಂದು ಮುಖ್ಯಸ್ಥರ ಮಾತಿನಂತೆ ಕೊಳವೆ ಬದಲಾಯಿಸಿದೆ.' ಎಂಟನೆಯ ತಾರೀಖು, ಸೋಮವಾರ, ಉಪ್ಪಿಲ್ಲದ ಶೀಶೆ ಹೆಚ್ಚು ತೋರಿಸಿತು. ಅದನ್ನೂ ಬರೆದಳು, ಕೆಳಗೆ ಕೆಂಪು ಗೆರೆ ಎಳೆದಳು. ಗೆರೆಯ ಪಕ್ಕದಲ್ಲೇ ಹಸಿರು ರುಜು ಬಿತ್ತು, 'ನೋಡಿದೆ.' ಹದಿನೈದಕ್ಕೂ ಅದೇ ಅಂಕಿ, ಅದೇ ಕೆಂಪು ಗೆರೆ, ಅದೇ ರುಜು. ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಸಿಹಿ ಹಂಚುತ್ತಿದ್ದರು. ಯಂತ್ರದ ಪರದೆಯ ಮೇಲೆ ಇದುವರೆಗೆ ಯಾರೂ ಕಾಣದ, ಹೆಚ್ಚು ಹೊತ್ತು ಬದುಕುವ ಹೊಸ ತುಣುಕೊಂದು ಕಾಣಿಸಿಕೊಂಡಿತ್ತು. ಆಕೆಗೂ ಒಂದು ತುಂಡು ಸಿಹಿ ಬಂತು. ಕೈ ಜಿಡ್ಡಾಗುತ್ತದೆಂದು ಕಾಗದದ ಸಮೇತ ಬಾಯಿಗೆ ಹಾಕಿಕೊಂಡು, ಕಾಗದ ಮಾತ್ರ ಈಚೆ ಎಳೆದಳು.

ಹತ್ತೊಂಬತ್ತನೆಯ ತಾರೀಖಿನ ಸಂಗತಿಯನ್ನೂ ಹೇಳಬೇಕು. ಅತ್ತೆ ತೀರಿಕೊಂಡು ವರ್ಷವಾಗಿತ್ತು. ಮಗಳಿಗೆ ಇಪ್ಪತ್ತಮೂರು. ಮೂರು ವಾರ ಜ್ವರದಲ್ಲಿ ಮಲಗಿ ಎದ್ದವಳ ಕೂದಲು ಒಣಗಿದ ನಾರಿನ ಉಂಡೆಯಾಗಿತ್ತು. ಬೆಳಿಗ್ಗೆ ಎಣ್ಣೆ ಬಾಟಲಿ ಹಿಡಿದು ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತಳು.

"ಅಮ್ಮಾ, ಒಂದೇ ಒಂದು ಸಲ ನೀನೇ ಹಚ್ಚು. ಅಜ್ಜಿ ಇಲ್ವಲ್ಲ."

ಆಕೆ ಹಚ್ಚಿದಳು. ಹತ್ತು ನಿಮಿಷ ಅಷ್ಟೇ. ಮಗಳ ನೆತ್ತಿಯ ಬಿಸಿ ಅಂಗೈಗೆ ಹೀಗಿರುತ್ತದೆಂದು ಆಕೆಗೆ ಗೊತ್ತೇ ಇರಲಿಲ್ಲ. ಆಮೇಲೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡಳು, ಕೆಲಸಕ್ಕೆ ಹೋದಳು. ರಿಜಿಸ್ಟರಿನಲ್ಲಿ ಬರೆದಳು: 'ಇಂದು ಕೈಗೆ ಎಣ್ಣೆ ತಾಗಿದೆ. ಗಾಜು, ನೀರು ಮುಟ್ಟಿಲ್ಲ.' ದಿನವಿಡೀ ಕುರ್ಚಿಯಲ್ಲಿ ಕೂತು ಶೀಶೆಯ ಚೀಟಿಗಳನ್ನು ಬರೆದಳು. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರಬಂಧ ಅಚ್ಚಾಯಿತು, ಹಾರ ಬಿತ್ತು, ಫೋಟೋ ಬಂತು. ಒಂದು ವರ್ಷದ ಮೇಲೆ ಬೇರೆ ಎರಡು ಕಡೆಯವರು ಅದೇ ಪ್ರಯೋಗ ಮಾಡಿ ನೋಡಿ, ಅಂಥ ತುಣುಕು ಎಲ್ಲೂ ಇಲ್ಲ, ನಿಮ್ಮ ನೀರೇ ಕೊಳೆಯಿರಬೇಕು ಎಂದು ಬರೆದರು. ದೊಡ್ಡವರ ಮುಖ ಸಣ್ಣದಾಯಿತು. ಮೂವರ ವಿಚಾರಣಾ ಸಮಿತಿ ಕೂತಿತು. ಅವರು ನೀರಿನ ಕೋಣೆ ನೋಡಲು ಬರುವ ಹಿಂದಿನ ವಾರವೇ ಪ್ಲಾಸ್ಟಿಕ್ ಕೊಳವೆ ಮಾಯವಾಗಿ, ಹಳೆಯ ಗಾಜಿನ ಕೊಂಡಿ ಹೊಳೆಯುತ್ತಾ ನಿಂತಿತ್ತು.

ಆಕೆಯ ನಿವೃತ್ತಿಗೆ ಉಳಿದದ್ದು ನಾಲ್ಕು ತಿಂಗಳು. ತಪ್ಪು ಯಾರದೆಂದು ಸಮಿತಿ ಬರೆಯುತ್ತದೋ ಅವರ ಸೇವಾ ಪುಸ್ತಕದಲ್ಲಿ ಆ ಸಾಲು ಶಾಶ್ವತವಾಗಿ ಕೂರುತ್ತದೆ. ತನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಾರೆಂಬ ಗುಸುಗುಸು ಕಾರಿಡಾರಿನಲ್ಲಿ ಕೇಳಿದಾಗಲೂ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ರಿಜಿಸ್ಟರ್ ಇತ್ತಲ್ಲ. ಕೊಳವೆಯ ದಿನ, ಕೆಂಪು ಗೆರೆ, ಹಸಿರು ರುಜು, ಎಲ್ಲವೂ ಇತ್ತು. ಯಾರೂ ಕೇಳದಿದ್ದರೂ ಅದನ್ನು ಎದೆಗವಚಿಕೊಂಡು ತಾನೇ ಸಮಿತಿಯ ಮುಂದೆ ಹೋದಳು. ಆ ಹೆಜ್ಜೆಯನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. ಕೆಂಪು ಗೆರೆ ದಾಟಿದರು. ಹತ್ತೊಂಬತ್ತರಲ್ಲಿ ನಿಂತರು.

"ಕೈಗೆ ಎಣ್ಣೆ ತಾಗಿದೆ ಅಂತ ನೀವೇ ಬರೆದಿದ್ದೀರಲ್ಲ?"

"ಹೌದು ಸಾರ್. ಅವತ್ತು ನಾನು ಏನೂ ಮುಟ್ಟಿಲ್ಲ. ಪಕ್ಕದಲ್ಲೇ ಬರೆದಿದೀನಿ. ತಾರೀಖು ನೋಡಿ ಸಾರ್, ನೀರು ಕೆಟ್ಟಿದ್ದು ಎಂಟಕ್ಕೆ. ಕೊಳವೆ ಹಾಕಿದ್ದು ಮೂರಕ್ಕೆ."

"ಕೊಳವೆ ಈಗ ಎಲ್ಲಿದೆ?"

ಆಕೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ದೊಡ್ಡವರ ಕಡೆ ನೋಡಿದಳು. ಅವರು ನೊಂದವರಂತೆ, ಮೆಲ್ಲಗೆ ಹೇಳಿದರು: "ನಾನು ವಾರಕ್ಕೆ ನಲವತ್ತು ರಿಜಿಸ್ಟರಿಗೆ ರುಜು ಹಾಕ್ತೀನಿ. ನೀರಮ್ಮ ಒಳ್ಳೆಯವರು, ನಾನು ಇಲ್ಲ ಅನ್ನಲ್ಲ. ಆದ್ರೆ ಎಣ್ಣೆ ತಾಗಿದ್ದನ್ನ ಒಂದು ಸಲ ಬರೆದಿದ್ದಾರೆ ಅಂದ್ರೆ, ಬರೆಯದೇ ಇದ್ದದ್ದು ಎಷ್ಟು ಸಲವೋ, ಯಾರಿಗೆ ಗೊತ್ತು?"

ಆಕೆ ಸುಳ್ಳಿಗೆ ಉತ್ತರ ಕೊಟ್ಟು ಅಭ್ಯಾಸವಿದ್ದವಳಲ್ಲ. ಎರಡೂ ಕೈಗಳನ್ನು, ಸೀಳುಗಳು ಮೇಲೆ ಬರುವಂತೆ, ಮೇಜಿನ ಮೇಲೆ ಚಾಚಿದಳು. ಯಾರೂ ನೋಡಲಿಲ್ಲ. ಗುಮಾಸ್ತ ರಿಜಿಸ್ಟರನ್ನು ಎತ್ತಿಕೊಂಡು ಫೈಲಿಗೆ ಸೇರಿಸಿದ.

ವರದಿ ಬಂದಾಗ ಮಗಳು ಓದಿ ಹೇಳಿದಳು. 'ತೊಳೆಯುವ ಸಿಬ್ಬಂದಿಯೇ ಲಿಖಿತವಾಗಿ ಒಪ್ಪಿಕೊಂಡಿರುವಂತೆ, ಕೈಯ ಜಿಡ್ಡಿನಿಂದ ನೀರು ಮಲಿನಗೊಂಡಿರುತ್ತದೆ.' ಅಷ್ಟೇ. 'ಮುಟ್ಟಿಲ್ಲ' ಎಂಬ ಮಾತು ಎಲ್ಲೂ ಇರಲಿಲ್ಲ. ದೊಡ್ಡವರು ಪ್ರಬಂಧವನ್ನು ಸಜ್ಜನಿಕೆಯಿಂದ ಹಿಂದಕ್ಕೆ ಪಡೆದರೆಂದು ನಾಲ್ಕು ಜನ ಬೆನ್ನು ತಟ್ಟಿದರು. ಆಕೆಯ ಸೇವಾ ಪುಸ್ತಕದಲ್ಲಿ ಸಾಲು ಕೂತಿತು. ಬೀಳ್ಕೊಡುಗೆಯ ದಿನ ಮೇಲಿನ ಮಹಡಿಯಿಂದ ಯಾರೂ ಇಳಿದು ಬರಲಿಲ್ಲ.

ಮಗಳು ಮಾತ್ರ "ಅವತ್ತು ನಾನು ಕೇಳದೇ ಇದ್ದಿದ್ರೆ" ಎಂದು ಶುರು ಮಾಡಿ, ಮುಗಿಸಲಾಗದೆ ಎದ್ದು ಹೋದಳು. ಆಮೇಲೆ ಆ ಹುಡುಗಿ ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಳು. ಎರಡು ತಿಂಗಳು ನೋಡಿದ ತಾಯಿ ಒಂದು ಭಾನುವಾರ ಬೆಳಿಗ್ಗೆ ತಾನೇ ಬಾಟಲಿ ತಂದಳು.

"ಬಾ, ಕೂತ್ಕೋ."

"ಬೇಡಮ್ಮ."

"ಬಾರೇ. ಹೇಗಿದ್ರೂ ನನ್ನ ಕೈ ಜಿಡ್ಡು ಅಂತ ಆಫೀಸಿನೋರೇ ಬರೆದು ಕೊಟ್ಟಿದಾರೆ. ಸುಮ್ನೆ ಯಾಕೆ ದಂಡ ಮಾಡೋದು?"

ಬಾಗಿಲಲ್ಲಿ ಗ್ರೀಸು ಒರೆಸಿಕೊಳ್ಳುತ್ತಿದ್ದ ಗಂಡ ನಕ್ಕ. ಮಗಳು ನಗಲಿಲ್ಲ, ಆದರೆ ಬಂದು ಕೂತಳು. ಆಕೆ ಅವಸರವಿಲ್ಲದೆ, ಬುಡದಿಂದ ತುದಿಯವರೆಗೆ, ಅರ್ಧ ಗಂಟೆ ಹಚ್ಚಿದಳು. ಜಡೆ ಹೆಣೆದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಒಂದು ಸಲ ಸೋಪು ಹಾಕಿದಳು, ಎರಡು ಸಲ, ಮೂರು ಸಲ. ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಂಗೈ ಮೇಲೆ ನೀರು ಮಣಿಮಣಿಯಾಗಿ ನಿಂತಿತ್ತು.

ನಾಲ್ಕನೆಯ ಸಲಕ್ಕೆ ಸೋಪು ತೆಗೆದುಕೊಂಡಾಗ ಮಗಳು ಹಿಂದಿನಿಂದ ಬಂದು ಆಕೆಯ ಮಣಿಕಟ್ಟು ಹಿಡಿದಳು.

"ಅಮ್ಮ, ನಾಳೆ ಕೆಲಸ ಇಲ್ಲ."

"ಗೊತ್ತು" ಎಂದಳು ಆಕೆ. ನಲ್ಲಿ ಮಾತ್ರ ನಿಲ್ಲಿಸಲಿಲ್ಲ.