ರುದ್ರಪ್ಪ ತಾತನ ಎರಡು ಬೆರಳು

…ಸಾರಿ ಕಣ್ರಪ್ಪಾ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಹೋದ ವಾಯ್ಸ್ ನೋಟ್‌ನಲ್ಲಿ ಕಥೆ ಬಿಟ್ಟು ಕಲ್ಯಾಣದುರ್ಗದ ಬಿಸಿಲಿನ ಬಗ್ಗೆಯೇ ಮೂರು ನಿಮಿಷ ಮಾತಾಡಿದ್ದೆ. ಐವತ್ತಾಯ್ತು, ಬಾಯಿ ಮಾತ್ರ ಸುಧಾರಿಸಲಿಲ್ಲ.

ಹಾಂ, ರುದ್ರಪ್ಪ ತಾತ.

ರಕ್ತಸಂಬಂಧ ಅಲ್ಲ. ಕಲ್ಯಾಣದುರ್ಗದಲ್ಲಿ ನಮ್ಮ ಹಳೇ ಮನೆಯ ಪಕ್ಕದ ಮನೆಗೆ ಅವರ ಅಕ್ಕನನ್ನು ಕೊಟ್ಟಿದ್ದರು, ಅಷ್ಟೇ. ಆದರೆ ಅವರಿಲ್ಲದಿದ್ದರೆ ನಾನು ಈ ವಾಯ್ಸ್ ನೋಟ್ ಹಾಕ್ತಾನೇ ಇರಲಿಲ್ಲ. ಯಾಕೆ ಅಂತ ಹೇಳ್ತೀನಿ, ತಾಳಿ.

ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಹಿಂದೂಪುರದ ಹತ್ತಿರ ಪರಿಗಿಯಲ್ಲಿ ಅವರಪ್ಪ ಕಬ್ಬಿನ ಗಾಣ ಇಟ್ಟಿದ್ದರು. ಒಂದು ದಿನ ಕಬ್ಬು ಕೊಡುತ್ತಾ ಕೊಡುತ್ತಾ ರುದ್ರಪ್ಪ ತಾತನ ಬಲಗೈ ಗಾಣದೊಳಗೆ ಹೋಯಿತು. ಆಗ ಅವರಿಗೆ ಹತ್ತೋ ಹನ್ನೊಂದೋ ವರ್ಷ.

ಹಿಂದೂಪುರದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು, ಅಂಗೈ ಅರ್ಧ ಹೋಯಿತು. ಹೆಬ್ಬೆರಳು, ತೋರುಬೆರಳು ಉಳಿದವು.

ಎಲ್ಲರೂ ಅಳುತ್ತಿದ್ದರಂತೆ. ಇವರು ಮಾತ್ರ ಡಾಕ್ಟರು ಕೈ ಹೊಲಿಯುವುದನ್ನೇ ನೋಡುತ್ತಾ, ತೆಲುಗಿನಲ್ಲಿ, "ನೇನೂ ಡಾಕ್ಟರೈತಾ" ಅಂದರಂತೆ. ನಾನೂ ಡಾಕ್ಟರಾಗ್ತೀನಿ ಅಂತ. ಪಾಪ, ಜ್ವರಕ್ಕೆ ಏನೋ ಬಡಬಡಿಸ್ತಾನೆ ಅಂದುಕೊಂಡರು ಜನ.

ಗಾಣದ ಕಡೆ ಮತ್ತೆ ಸುಳಿಯಬಾರದು ಅಂತ ಅವರಮ್ಮ ಕಲ್ಯಾಣದುರ್ಗದ ಅಕ್ಕನ ಮನೆಗೆ ಕಳಿಸಿದರು. ಅಲ್ಲೇ ಸ್ಕೂಲು, ಅಲ್ಲೇ ಎಡಗೈಯಲ್ಲಿ ಬರೆಯೋದು ಕಲಿತದ್ದು.

ನಮ್ಮ ಮನೆಯಲ್ಲಿ ಆಗ ಕುರಿ ಹಟ್ಟಿ ಇತ್ತು. ಒಂದು ಕುರಿ ಈಯಲಾಗದೆ ಒದ್ದಾಡುತ್ತಿದೆ. ಮರಿ ಅಡ್ಡ ಸಿಕ್ಕಿಕೊಂಡಿದೆ, ಕುರಿ ಕಾಯುವವನ ಕೈಯೋ ದಪ್ಪ, ಒಳಗೆ ಹೋಗುತ್ತಿಲ್ಲ. ಬೇಲಿ ಆಚೆ ನಿಂತಿದ್ದ ರುದ್ರಪ್ಪನನ್ನು ನಮ್ಮ ಮುತ್ತಜ್ಜಿಯೇ ಕರೆದಳು.

"ಲೇ, ಬಾರ್ಲಾ ಇಲ್ಲಿ! ನಿನ್ ಕೈ ಸಣ್ಣಕೈತೆ, ನೋಡ್ಲಾ."

ಹರಳೆಣ್ಣೆ ಹಚ್ಚಿ ಆ ಕೈ ಇಳಿಸಿದರು. ಎರಡು ಬೆರಳು ಚಿಮಟದ ಹಾಗೆ ಮರಿಯ ಕಾಲು ಹಿಡಿದವು… ಮರಿ ಹೊರಗೆ ಬಂತು. ಜೀವಂತ!

ಅವತ್ತಿಂದ ಊರೆಲ್ಲ "ಗೊರ್ರೆಲ ಡಾಕ್ಟರು", ಕುರಿಗಳ ಡಾಕ್ಟರು ಅಂತ ರೇಗಿಸೋದು. ಯಾರ ಮನೆ ಕುರಿ ಕಷ್ಟಪಟ್ಟರೂ ಇವರಿಗೇ ಕರೆ.

ಸ್ಕೂಲು ಮುಗಿಸಿ ಮೆಡಿಕಲ್ ಸ್ಕೂಲಿಗೆ ಹೋದರೆ, ಅಲ್ಲಿನ ಕನ್ನಡಕದ ಆಫೀಸರೊಬ್ಬರು ಮೊದಲ ವರ್ಷ ಕೈ ನೋಡಿಯೇ ವಾಪಸ್ ಕಳಿಸಿದರು. ಮುಂದಿನ ವರ್ಷ ಮತ್ತೆ ಹೋದರು. ಅದೇ ಕನ್ನಡಕದ ಆಫೀಸರು ಒಂದು ಸೂಜಿ, ಒಂದು ದಾರ ಮುಂದಿಟ್ಟು, ಪೋಣಿಸು ಅಂದರಂತೆ.

ಇವರು ಸೂಜಿಯನ್ನು ಆ ಎರಡು ಬೆರಳಲ್ಲಿ ಹಿಡಿದು, ಎಡಗೈಯಲ್ಲಿ ಒಂದೇ ಸಲಕ್ಕೆ ಪೋಣಿಸಿದರು. ಆಮೇಲೆ ದಾರ ಬಿಚ್ಚಿ ವಿನಯವಾಗಿ ಆಫೀಸರ ಕಡೆಗೇ ಚಾಚಿದರು, "ತಾವೂ ಒಂದ್ಸಲ ನೋಡ್ತೀರಾ ಸಾರ್?"

ಆ ಪುಣ್ಯಾತ್ಮ ನಾಲ್ಕು ಸಲ ಪ್ರಯತ್ನ ಮಾಡಿ, ಆಗದೆ, ನಕ್ಕುಬಿಟ್ಟರು. ಸೀಟು ಸಿಕ್ಕಿತು!

ಓದು ಮುಗಿಸಿ, ಡಾಕ್ಟರಾಗಿ ಅದೇ ಕಲ್ಯಾಣದುರ್ಗಕ್ಕೆ ಬಂದರು. ಜನ ನೋಡಲು ಬಂದರು, ತೋರಿಸಿಕೊಳ್ಳಲು ಬರಲಿಲ್ಲ. ಆ ಕೈಯಿಂದ ಮೈ ಮುಟ್ಟಿಸಿಕೊಳ್ಳೋದು ಹೇಗೆ ಅನ್ನುವ ಅಂಜಿಕೆ.

ಅಷ್ಟರಲ್ಲಿ ನಮ್ಮಜ್ಜಿಗೆ ಮೊದಲ ಹೆರಿಗೆ. ಬೆಳಗ್ಗೆ ಶುರುವಾದ ನೋವು, ಮಧ್ಯಾಹ್ನವಾದರೂ ಮಗುವಿಲ್ಲ. ಸೂಲಗಿತ್ತಿ ಹೊರಗೆ ಬಂದು, "ಮಗೀನ ಕೈ ಮುಂದೆ ಬಂದ್ಬುಟ್ಟೈತೆ. ನನ್ ಕೈಲಾಗಲ್ಲ ಕಣಮ್ಮ" ಅಂತ ಕೂತುಬಿಟ್ಟಳು. ಅವಳೇ ಡಾಕ್ಟರಿಗೆ ಹೇಳಿ ಕಳಿಸಿದ್ದು.

ರುದ್ರಪ್ಪ ತಾತ ಬ್ಯಾಗ್ ಹಿಡಿದು ಬಂದರೆ, ಬಾಗಿಲಿಗೆ ಅಡ್ಡ ನಿಂತಿದ್ದಾಳೆ ನಮ್ಮ ಮುತ್ತಜ್ಜಿ. ಅದೇ ಮುತ್ತಜ್ಜಿ.

"ಬ್ಯಾಡ ಕಣಪ್ಪ. ಆ ಮೋಟುಗೈ ತಗುಲಿದ್ರೆ ಮಗಾನೂ ಅಂಗೇ ಆಯ್ತದೆ. ಹೋಗ್ಬುಡು."

"ಅಮ್ಮಾ, ನನ್ ಕೈ ಗಾಣ ತಿಂದಿದ್ದು ಕಣಮ್ಮ, ಹುಟ್ಟಿಂದ ಬಂದಿದ್ದಲ್ಲ. ದಾರಿ ಬಿಡಮ್ಮ, ತಡ ಆದ್ರೆ ಇಬ್ರೂ ಉಳಿಯಲ್ಲ."

ಅವಳು ಅಲುಗಲಿಲ್ಲ. ಇವರು ಅಲ್ಲೇ ನಿಂತು ಸೋಪು ಹಾಕಿ ಕೈ ತೊಳೆಯಲು ಶುರು ಮಾಡಿದರು. ಬೇರೆ ಏನು ಮಾಡೋದು?

ಆಗ ಒಳಗಿಂದ ನಮ್ಮಜ್ಜಿಯ ದನಿ. ಅತ್ತೆಯ ಎದುರು ತಲೆ ಎತ್ತದಿದ್ದ ಹುಡುಗಿ, ಆ ನೋವಿನಲ್ಲಿ ಕಿರುಚಿದಳಂತೆ.

"ಅತ್ತೇ… ನಿಮ್ ಕುರೀಗೆ ಆದ ಕೈ ನಂಗಾಗಲ್ವಾ?"

 

ಮುತ್ತಜ್ಜಿ ಪಕ್ಕಕ್ಕೆ ಸರಿದಳು.

ಪೂರ್ತಿ ಕೈ ಹೋಗದ ಜಾಗದಲ್ಲಿ ಆ ಅರ್ಧ ಕೈ ಹೋಯಿತು. ಮಗುವನ್ನು ಒಳಗೇ ಮೆಲ್ಲಗೆ ತಿರುಗಿಸಿ, ಆ ಎರಡು ಬೆರಳು ಕಾಲು ಹುಡುಕಿ ಹಿಡಿದವು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಅಳು!

ಮುತ್ತಜ್ಜಿ ಓಡಿಹೋಗಿ ಮಗುವಿನ ಬೆರಳು ಎಣಿಸಿದಳು. ಒಂದು ಸಲ. ನಂಬಿಕೆ ಬರದೆ ಇನ್ನೊಂದು ಸಲ.

ಬೆವರು ಒರೆಸಿಕೊಳ್ಳುತ್ತಾ ರುದ್ರಪ್ಪ ತಾತ ಕೇಳಿದರು, "ಸರಿಯಾಗಿ ಎಣಿಸಮ್ಮಾ, ನನ್ನವು ಮೂರು ಎಲ್ಲಾದ್ರೂ ಅಲ್ಲಿ ಬಂದವಾ?"

ಅವಳು ನಗಲಿಲ್ಲ. ಆ ಕೈಯನ್ನು, ಮೋಟುಗೈ ಅಂದಿದ್ದ ಅದೇ ಕೈಯನ್ನು, ಎರಡೂ ಕಣ್ಣಿಗೆ ಒತ್ತಿಕೊಂಡಳು.

ಮಾರನೇ ದಿನದಿಂದ ಡಾಕ್ಟರ ಮನೆ ಜಗುಲಿಯಲ್ಲಿ ಕೂರಲು ಜಾಗ ಇರಲಿಲ್ಲವಂತೆ. ಎಲ್ಲರನ್ನೂ ಕರೆದುಕೊಂಡು ಬರುತ್ತಿದ್ದವಳು ಯಾರು ಹೇಳಿ? ನಮ್ಮ ಮುತ್ತಜ್ಜಿಯೇ!

ನನಗೆ ಅನ್ನಿಸೋದು ಏನಂದರೆ, ಆ ಸೀಟು ಕೊಟ್ಟಿದ್ದು ಮೆಡಿಕಲ್ ಸ್ಕೂಲಿನವರೇ ಇರಬಹುದು, ಆದರೆ ತಾತನನ್ನು ಡಾಕ್ಟರ್ ಮಾಡಿದ್ದು… ಇರಿ ಇರಿ, ಒಳಗಿಂದ ಕೂಗ್ತಿದ್ದಾರೆ.

"ಏನ್ಲಾ, ಆ ಫೋನ್‌ಗೆ ಉಸಿರಾಡಕ್ಕಾದ್ರೂ ಬಿಡ್ಲಾ! ಟೀ ಆರೋಯ್ತೈತೆ, ಬಾ!"

ಕೇಳಿಸ್ತಾ? ಕೈ ಮುಂದೆ ಮಾಡಿಕೊಂಡು ಬಂದಿದ್ದ ಮಗು ಅದೇ. ನಮ್ಮಪ್ಪ. ಎಪ್ಪತ್ತು ದಾಟಿದರೂ ಅವತ್ತಿನ ಗಂಟಲೇ.

ಬಂದೆ ಅಪ್ಪಾ… ಇಡ್ತೀನಿ ಕಣ್ರಪ್ಪಾ.